‘ಪರ್ಮಾಫ್ರಾಸ್ಟ್’ಗೆ ‘ಹೆಪ್ಪುನೆಲ’ ಒಪ್ಪುತ್ತದೆಯೇ?

ತೀರ್ಥಹಳ್ಳಿಯ ಶಾಲೆಯೊಂದರ ಗೋಡೆಪತ್ರಿಕೆಗೆ ಬಂದ ಆರ್ಕ್ಟಿಕ್ ಕುರಿತ ಬರಹವನ್ನು ತಿದ್ದುತ್ತಿದ್ದೇನೆ. ಮೊದಲ ಸಾಲಿನಲ್ಲೇ ತೊಡಕು: ‘ಆರ್ಕ್ಟಿಕ್‌ನ ಮಂಜು ಕರಗುತ್ತಿದೆ.’ ಆಗುಂಬೆ ಕಡೆಯ ಮಕ್ಕಳಿಗೆ ಮಂಜೆಂದರೆ ಬೆಳಗ್ಗೆ ಅಡಿಕೆ ತೋಟವನ್ನು ಮುಚ್ಚಿ ಬಿಸಿಲೇರಿದ ಮೇಲೆ ಕರಗುವಂಥದ್ದು. ಅದು ಕರಗಿದರೆ ಯಾರಿಗೇನು ಚಿಂತೆ? ಕಡಲ ನೀರೇ ಗಟ್ಟಿಯಾಗಿ ತೇಲುವುದಕ್ಕೆ ‘ಕಡಲ ಮಂಜುಗಡ್ಡೆ’, ನೆಲದ ಮೇಲೆ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ ಮೆಲ್ಲಗೆ ಜರುಗುವುದಕ್ಕೆ ‘ಹಿಮನದಿ’ ಎಂದು ಬಿಡಿಸಿ ಬರೆದೆ. ಮೊದಲನೆಯದು ಕರಗಿದರೆ ಸಮುದ್ರಮಟ್ಟ ಏರುವುದು ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದು ಕರಗಿದರೆ ಏರುತ್ತದೆ. ಎರಡಕ್ಕೂ ‘ಹಿಮ’ ಎಂದು ಬರೆದು ಕೈತೊಳೆದುಕೊಳ್ಳುವ ತಲೆಬರಹಗಳನ್ನು ನೋಡಿ ಸಾಕಾಗಿದೆ.

ಇಷ್ಟು ಹೇಗೋ ಬಗೆಹರಿಯಿತು. ನಾನು ಸಿಕ್ಕಿಬಿದ್ದಿರುವುದು ಪರ್ಮಾಫ್ರಾಸ್ಟ್‌ನಲ್ಲಿ.

ಬರಹದಲ್ಲಿ ಇದಕ್ಕೆ ‘ಶಾಶ್ವತ ಹಿಮ’ ಎಂದಿದೆ. ಅದು ಹಿಮವೂ ಅಲ್ಲ, ಶಾಶ್ವತವೂ ಅಲ್ಲ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಥವಾ ಅದಕ್ಕಿಂತ ಕೆಳಗೆ ಉಳಿದ ಮಣ್ಣು, ಕಲ್ಲು ಎಲ್ಲವೂ ಪರ್ಮಾಫ್ರಾಸ್ಟ್ ಎನಿಸಿಕೊಳ್ಳುತ್ತದೆ. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಲ್ಲಿ ಆರಂಭವಾದದ್ದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ. ಅಲ್ಲಿನದು ಇಂಥದೇ ನೆಲ. ಜಗತ್ತಿನ ಬೀಜಗಳನ್ನು ಕಾಪಿಡುವ ಉಗ್ರಾಣವನ್ನೂ ಈ ನೆಲ ಹೇಗೂ ತಣ್ಣಗಿರುತ್ತದೆಂದು ನಂಬಿಯೇ ಅಲ್ಲಿ ಕಟ್ಟಿದರು. 2016ರಲ್ಲಿ ಅದರ ಪ್ರವೇಶ ಸುರಂಗಕ್ಕೆ ನೀರು ನುಗ್ಗಿತು. ಬೀಜಗಳೇನೋ ಉಳಿದವು, ‘ಶಾಶ್ವತ’ ಉಳಿಯಲಿಲ್ಲ.

ಆದ್ದರಿಂದ ‘ಹೆಪ್ಪುನೆಲ’ ಎಂದು ಹಾಕಿದ್ದೇನೆ. ಹೆಪ್ಪು ಮೊಸರಿಗೆ ಸೇರಿದ್ದಲ್ಲವೇ ಎಂದು ಸಾಗರದ ಗೆಳೆಯರೊಬ್ಬರ ಆಕ್ಷೇಪ. ರಕ್ತವೂ ಹೆಪ್ಪುಗಟ್ಟುತ್ತದೆ, ಚಳಿಗೆ ಎಣ್ಣೆಯೂ ಹೆಪ್ಪುಗಟ್ಟುತ್ತದೆ, ನೆಲಕ್ಕೇಕೆ ಬೇಡ? ‘ಎರಡು ವರ್ಷ’ ಎಂಬ ಅಂಶ ಪದದೊಳಗೆ ಬರುವುದಿಲ್ಲ ಎಂಬುದು ನಿಜ. ಅದನ್ನು ವಿವರಣೆಗೆ ಬಿಡಬಹುದು.

ಇನ್ನು ಕ್ರಿಯಾಪದ. ನೆಲ ‘ಕರಗುತ್ತದೆ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಕರಗುವುದು ಒಳಗಿನ ಮಂಜುಗಡ್ಡೆ ಮಾತ್ರ; ಮಣ್ಣು ಮೆತ್ತಗಾಗಿ ಕುಸಿಯುತ್ತದೆ. ಜೊತೆಗೆ, ಅದರಲ್ಲಿ ಹುದುಗಿದ್ದ ಸಸ್ಯಾವಶೇಷಗಳನ್ನು ಸೂಕ್ಷ್ಮಜೀವಿಗಳು ಕೊಳೆಸತೊಡಗಿ ಇಂಗಾಲದ ಡೈಆಕ್ಸೈಡ್, ಮೀಥೇನ್ ಹೊರಬರುತ್ತವೆ. ಈ ನೆಲದಲ್ಲಿರುವ ಇಂಗಾಲ ವಾತಾವರಣದಲ್ಲಿ ಇರುವುದರ ಸುಮಾರು ಎರಡರಷ್ಟು ಎಂಬ ಅಂದಾಜಿರುವುದರಿಂದ ಇದು ಬರೀ ಪದದ ಹಟವಲ್ಲ. ‘ಹೆಪ್ಪುಗಟ್ಟು’ವಿಗೆ ಎದುರಾಗಿ ‘ಹೆಪ್ಪುಬಿಡು’ ಎಂದರೆ ಹೇಗೆ? ‘ಸೈಬೀರಿಯದ ನೆಲ ಹೆಪ್ಪುಬಿಡುತ್ತಿದೆ’ ಎಂಬುದು ನನ್ನ ಕಿವಿಗೆ ಹಿತವಾಗಿದೆ, ಆದರೆ ಬರೆದವನ ಕಿವಿಯನ್ನು ನಂಬಬಾರದು.

ಹಾಗೆ ಸಡಿಲವಾದ ದಿಬ್ಬ ಜಾರುವುದಕ್ಕೆ ನಮ್ಮ ಕಡೆಯ ‘ಧರೆ ಜರಿಯುವುದು’ ತಾನಾಗಿ ನೆನಪಾಗುತ್ತದೆ. ಇಲ್ಲಿ ಧರೆ ಜರಿಯುವುದು ಮಳೆಗೆ, ಅಲ್ಲಿ ಬಿಸಿಗೆ. ಬಯಲುಸೀಮೆಯ ಓದುಗರಿಗೆ ‘ಧರೆ’ ಎಂದರೆ ಭೂಮಿಯೇ ಆಗಿಬಿಡುತ್ತದೆಯೇ? ಚಿತ್ರದುರ್ಗ, ಬಳ್ಳಾರಿ ಕಡೆಯವರು ತಿಳಿಸಿದರೆ ಅದನ್ನು ಇಡುವುದೋ ತೆಗೆಯುವುದೋ ನಿರ್ಧರಿಸುತ್ತೇನೆ.