ಲಾಭವೇ ಇಲ್ಲದ ಸುಳ್ಳು: ನನ್ನ ತಮ್ಮನಿಗೆ ಇದು ಕಾಯಿಲೆನಾ?

ಪ್ರಶ್ನೆ | ತುಮಕೂರಿನ ಅಕ್ಕ

ತಮ್ಮನಿಗೆ 26 ವರ್ಷ. ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುತ್ತಾನೆ. ದುಡ್ಡಿಗಲ್ಲ, ಬೈಗುಳ ತಪ್ಪಿಸಿಕೊಳ್ಳೋಕೂ ಅಲ್ಲ. ಸುಮ್ನೆ.

ಹೋದ ಭಾನುವಾರ ಇಡೀ ದಿನ ಮಹಡಿ ಕೋಣೆಯಲ್ಲಿ ಮಲಗಿದ್ದ. ಸಂಜೆ ಅತ್ತೆ ಬಂದಾಗ, "ಸಿದ್ಧಗಂಗೆಗೆ ಹೋಗಿದ್ದೆ. ಒಬ್ಬ ಅಜ್ಜ ತಲೆ ಸುತ್ತಿ ಬಿದ್ದುಬಿಟ್ರು. ನಾನೇ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆ" ಅಂದ. ಅಜ್ಜನ ಪಂಚೆಗೆ ಹಸಿರು ಅಂಚು, ಚೀಲದಲ್ಲಿ ಎರಡು ತೆಂಗಿನಕಾಯಿ ಅಂತಲೂ ಹೇಳಿದ. ಹೇಳುತ್ತಾ ಕಣ್ಣಲ್ಲಿ ನೀರು. ಅವನ ಚಪ್ಪಲಿ ಬಾಗಿಲ ಹತ್ತಿರ ನಾನು ಬೆಳಿಗ್ಗೆ ಜೋಡಿಸಿಟ್ಟ ಹಾಗೇ ಇತ್ತು. ಅಮ್ಮ ತಲೆ ಎತ್ತದೆ ಹೂ ಕಟ್ಟುತ್ತಿದ್ದರು.

ಅಪ್ಪ "ನಾಲ್ಕು ಬಿಟ್ರೆ ಸರಿಹೋಗ್ತಾನೆ" ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಉತ್ತರ 1 | ಮನೋರೋಗ ವಾರ್ಡಿನ ನರ್ಸ್

ಹೊಡೆಯೋದು ಬೇಡವೇ ಬೇಡ. ಇದಕ್ಕೊಂದು ಹೆಸರಿದೆ: ಸ್ಯೂಡೋಲಾಜಿಯಾ ಫೆಂಟಾಸ್ಟಿಕಾ. 1891ರಲ್ಲಿ ಆಂಟನ್ ಡೆಲ್‌ಬ್ರೂಕ್ ಅನ್ನುವ ಮನೋವೈದ್ಯರು ಇಂಥವರ ಬಗ್ಗೆ ಬರೆದರು. ಆದರೆ ಡಿಎಸ್‌ಎಂ-5, ಐಸಿಡಿ-11 ಅನ್ನುವ, ಡಾಕ್ಟರುಗಳು ಕಾಯಿಲೆ ಗುರುತಿಸಲು ಬಳಸುವ ಎರಡು ಪಟ್ಟಿಗಳಲ್ಲೂ ಇದು ಪ್ರತ್ಯೇಕ ಕಾಯಿಲೆ ಅಂತ ಇಲ್ಲ. ಹಾಗಾಗಿ ಡಾಕ್ಟರು ಸುಳ್ಳಿನ ಹಿಂದೆ ಏನಿದೆ ಅಂತ ನೋಡುತ್ತಾರೆ. ವ್ಯಕ್ತಿತ್ವದ ತೊಂದರೆ ಇರಬಹುದು, ಬೇರೆ ಏನಾದರೂ ಇರಬಹುದು. ಇದು ಭ್ರಮೆಯಂತಲ್ಲ. ಸಾಕ್ಷಿ ಮುಂದಿಟ್ಟರೆ ಇವರು ಒಪ್ಪಿಕೊಳ್ಳುವುದುಂಟು. ಸುಳ್ಳು ನಿಲ್ಲಿಸುವ ಮಾತ್ರೆ ಅಂತ ಇಲ್ಲ. ಮಾತಿನ ಚಿಕಿತ್ಸೆಯೇ ದಾರಿ, ಅದಕ್ಕೂ ಅವರ ಮನಸ್ಸು ಬೇಕು.

ಉತ್ತರ 2 | ಹಾಸನದಿಂದ

ತಮ್ಮ ಕುಡೀತಾರಾ? ನಮ್ಮಪ್ಪ ವರ್ಷಗಟ್ಟಲೆ ಕುಡಿದವರು. ಆಸ್ಪತ್ರೆ ಮಂಚದಲ್ಲೇ ಮಲಗಿಕೊಂಡು "ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬಂದೆ" ಅನ್ನುತ್ತಿದ್ದರು. ನಾವು ಸುಳ್ಳು ಅಂದುಕೊಂಡು ರೇಗಿದ್ದೆವು. ಅದು ಕೊರ್ಸಕಾಫ್ ಅನ್ನುವ ಮರೆವಿನ ಕಾಯಿಲೆಯಂತೆ. ಬಿ1 ವಿಟಮಿನ್ ಕೊರತೆಯಿಂದ ನೆನಪು ಹೋಗಿ, ಖಾಲಿ ಜಾಗವನ್ನು ಮೆದುಳೇ ತುಂಬಿಕೊಳ್ಳುತ್ತಿತ್ತು. ರೇಗಿದ್ದು ಇವತ್ತಿಗೂ ಚುಚ್ಚುತ್ತದೆ.

ತುಮಕೂರಿನ ಅಕ್ಕ

ಇಲ್ಲ, ಕುಡಿಯಲ್ಲ. ನೆನಪೂ ಚೆನ್ನಾಗಿದೆ. ಒಂದು ಗಮನಿಸಿದೆ: ಅವನ ಎಲ್ಲ ಕಥೆಯಲ್ಲೂ ಅವನು ಯಾರನ್ನೋ ಕಾಪಾಡುತ್ತಾನೆ. ಎರಡು ವರ್ಷದಿಂದ ಕೆಲಸ ಇಲ್ಲ.

ಉತ್ತರ 1 | ಮನೋರೋಗ ವಾರ್ಡಿನ ನರ್ಸ್

ಇದನ್ನೇ ಡಾಕ್ಟರಿಗೆ ಹೇಳಿ. ನಾಲ್ಕು ಜನರ ಮುಂದೆ ಹಿಡಿದು ಹಾಕಬೇಡಿ, ಇನ್ನೊಂದು ಸುಳ್ಳು ಹುಟ್ಟುತ್ತೆ. ಒಬ್ಬನೇ ಇದ್ದಾಗ "ಅಜ್ಜನ ವಿಷಯ ಬಿಡು, ನಿನ್ನ ದಿನ ಹೇಗಿತ್ತು?" ಅಂತ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ತುಮಕೂರಿನ ಅಕ್ಕ

ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ರಾತ್ರಿ ನಿದ್ದೆ ಬರಲ್ಲ ಅಕ್ಕ" ಅಂದ. ಬುಧವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.