ಹಳೆ ಸ್ಮರಣಾರ್ಥ ನಾಣ್ಯ: ಮಾರೂದೋ, ಇಟ್ಕೊಳ್ಳೂದೋ?

ಬಾಗಲಕೋಟಿ ನವನಗರದಿಂದ: ಕಾಕಾನ ಟ್ರಂಕಿನಾಗ 1964ರ ನೆಹರೂ ರೂಪಾಯಿ, 1969ರ ಗಾಂಧಿ ಹತ್ತು ರೂಪಾಯಿ, 2006ರ ಬಸವಣ್ಣನ ಐದು ರೂಪಾಯಿ ಸಿಕ್ಕಾವ. ಏನ್ ಮಾಡ್ಲಿ? ಅನುಭವ ಇದ್ದವರು ಹೇಳ್ರಿ.

ಗೋಕಾಕದಿಂದ: ತಿಕ್ಕಾಕ ಮಾತ್ರ ಹೋಗಬ್ಯಾಡ್ರಿ! ನಮ್ಮ ಮನ್ಯಾಗೂ ಗಾಂಧಿ ಹತ್ತು ಐತಿ. 15 ಗ್ರಾಂ, ಅದರಾಗ ನೂರಕ್ಕ 80 ಪಾಲು ಬೆಳ್ಳಿ. ಲಕ್ಷ್ಮೀಪೂಜಾಕ್ಕಂತ ನಮ್ಮ ವೈನಿ ಹುಣಸಿಹಣ್ಣು ಹಚ್ಚಿ ಫಳಫಳ ತಿಕ್ಕಿದ್ಲು. ಬೆಳಗಾವ್ಯಾಗ ವ್ಯಾಪಾರಿ ಭೂತಗನ್ನಡಿ ಹಿಡದು, ಗಾಂಧಿ ಕೆನ್ನಿಮ್ಯಾಲಿನ ಗೀರು ತೋರ್ಸಿ, ಬರೇ ಬೆಳ್ಳಿ ರೇಟ್ ಕೊಡ್ತೀನಿ ಅಂದ. ಪತ್ತಾರ ಕರಗಸೂ ಖರ್ಚಂತ 12 ಗ್ರಾಂ ಬೆಳ್ಳಿಗೆ 10 ಗ್ರಾಂ ಲೆಕ್ಕ ಹಚ್ಚಿದ. ಬಸ್ ಚಾರ್ಜು, ಊಟ, ರಜಾ ಎಲ್ಲಾ ಮೈಮ್ಯಾಲೆ. ಕೊಡದ ತಿರಿಗಿ ತಂದೆ.

ವಿಜಯಪುರದಿಂದ: ವ್ಯಾಪಾರಿ ಸಂಗಾಟ ಯಾಕ್ ಬೇಕ್ರಿ? ನಾ ಸೀದಾ ಸರ್ಕಾರಿ ಟಂಕಸಾಲಿಯಿಂದ ತರಸ್ತೀನಿ. 2023ರ ಹೊಸ ಸಂಸತ್ತಿನ 75 ರೂಪಾಯಿದು ನೋಡ್ರಿ: ಸುಮಾರು 35 ಗ್ರಾಂ, ಅರ್ಧ ಬೆಳ್ಳಿ, 40 ಪಾಲು ತಾಮ್ರ, ನಿಕ್ಕೆಲ್ ಮತ್ತ ಸತು ಐದೈದು. ಮುಖಬೆಲೆ 75, ಕೊಟ್ಟದ್ದು ಸಾವಿರಗಟ್ಲೆ. ತಿಂಗಳಾನುಗಟ್ಲೆ ಕಾದೆ, ಬಂದಾಗ ಡಬ್ಬಿ ಮೂಲಿ ಸೀಳಿತ್ತು. ನಾಣ್ಯಕ್ಕ ಒಂದ ಗೀರಿಲ್ಲ!

ಗೋಕಾಕದಿಂದ: ಡಬ್ಬ್ಯಾಗ ಹುಟ್ಟಿ ಡಬ್ಬ್ಯಾಗ ಉಳಿಯೂದು ನಾಣ್ಯ ಏನ್ರಿ? ನೆಹರೂ ರೂಪಾಯಿ ಸ್ವತಂತ್ರ ಭಾರತದ ಮೊದಲನೇ ಸ್ಮರಣಾರ್ಥ ನಾಣ್ಯ. ಸಂತ್ಯಾಗ ಕೈಯಿಂದ ಕೈಗೆ ಓಡ್ಯಾಡಿ ಸವದೈತಿ. ಅದು ಇತಿಹಾಸ, ನಿಮ್ಮದು ಶೋಕೇಸಿನ ಸಾಮಾನು.

ವಿಜಯಪುರದಿಂದ: ಸಾಮಾನು ಅಂದ್ರ ಸುಮ್ನಿರೂದಿಲ್ಲ. ಹುಣಸಿಹಣ್ಣು ಹಚ್ಚಿದವರು ನಮಗ ಹೇಳಬ್ಯಾಡ್ರಿ.

ಜಮಖಂಡಿಯಿಂದ: ಜಗಳ ಬಿಡ್ರೆಪಾ. ನೆಹರೂ ರೂಪಾಯಿ ರಗಡ ಅದಾವ, ಸವದದ್ದಕ್ಕ ದೊಡ್ಡ ರೇಟಿಲ್ಲ. ನಮ್ಮ ಮಾವಗ ಫೋನಿನಾಗ ಒಬ್ಬಾಂವ ಲಕ್ಷ ಕೊಡ್ತೀನಂದು, ನೋಂದಣಿಗಂತ 1,150, ತೆರಿಗೆಗಂತ 6,800 ಹಾಕಿಸ್ಕೊಂಡು ಮಾಯ ಆದ. ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರಾನೂ ಕಳಿಸಿದ್ದ. ಇಂಥಾ ವ್ಯವಹಾರ ನಾವು ಮಾಡೂದಿಲ್ಲ, ಕಮಿಷನ್ ಕೇಳೂದಿಲ್ಲ ಅಂತ ಬ್ಯಾಂಕು 2021ರ ಆಗಸ್ಟಿನಾಗ ಎಚ್ಚರಿಸೇತಿ. ಬಸವಣ್ಣಂದು ಮಾತ್ರ ಯಾರಿಗೂ ಕೊಡಬ್ಯಾಡ್ರಿ. ಕೂಡಲಸಂಗಮ ನಮ್ಮ ಜಿಲ್ಲಾದಾಗ ಐತಿ, ನಮ್ಮ ಮನ್ಯಾಗಿಂದು ಜಗಲಿಮ್ಯಾಲೆ ಇಟ್ಟೇವಿ.

ಬೈಲಹೊಂಗಲದಿಂದ: ಹಳೇದು ಇರ್ಲಿ, ಚಲಾವಣಿ ಇರೂ ಹತ್ತು ರೂಪಾಯಿ ನಾಣ್ಯಾನ ಅಂಗಡ್ಯಾಗ ಒಲ್ಲೆ ಅಂತಾರ. 14 ನಮೂನಿನೂ ನಡೀತಾವ ಅಂತ ರಿಸರ್ವ್ ಬ್ಯಾಂಕು 2018ರಾಗ ಹೇಳೇತಿ. ಅಂಗಡಿಯವರಿಗೆ ಕೇಸ್ ಹಾಕ್ಬೇಕು.

ಜಮಖಂಡಿಯಿಂದ: ನಂದೂ ಕಿರಾಣಿ ಅಂಗಡೀನರಿ. ನಾ ತಗೋತೀನಿ, ಚಿಲ್ಲರಿ ಕೊಟ್ರ ಗಿರಾಕಿ ಮುಟ್ಟೂದಿಲ್ಲ, ನೋಟ ಕೊಡು ಅಂತಾರ. ಕೇಸ್ ಯಾರಮ್ಯಾಲೆ ಹಾಕ್ತೀರಿ?