ಕ್ಯಾರೆಕ್ಟರ್ ಆ್ಯಕ್ಟರ್ ಅನ್ನೋದಕ್ಕೆ ‘ಪೋಷಕ ನಟ’ ಸರಿಯಾ?

ಎಲ್ಲರಿಗೂ ನಮಸ್ಕಾರ. ಹಳೆ ಹಾಲಿವುಡ್ ನಟ ಥಾಮಸ್ ಮಿಚೆಲ್ (1892–1962) ಬಗ್ಗೆ ಬರೆಯಲು ಕೂತವನು ಮೊದಲ ಸಾಲಲ್ಲೇ ನಿಂತುಬಿಟ್ಟೆ. ಅವರು ಕ್ಯಾರೆಕ್ಟರ್ ಆ್ಯಕ್ಟರ್, ಅಂದರೆ ಒಂದೊಂದು ಪಾತ್ರದಲ್ಲೂ ಬೇರೆಯದೇ ವಿಶಿಷ್ಟ ಮನುಷ್ಯನಾಗಿ ಕಾಣುವ ನಟ. ಕನ್ನಡದಲ್ಲಿ ಏನನ್ನೋಣ?

ಥಟ್ಟನೆ ನೆನಪಾಗುವುದು ‘ಪೋಷಕ ನಟ’. ಆದರೆ ಆ ಪದ ನಾಯಕನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ಹೇಳುತ್ತದೆಯೇ ಹೊರತು ನಟನೆ ಯಾವ ಬಗೆಯದು ಅಂತ ಹೇಳುವುದಿಲ್ಲ. ಮಿಚೆಲ್‌ಗೆ ‘ಸ್ಟೇಜ್‌ಕೋಚ್’ (1939) ಚಿತ್ರದ ಕುಡುಕ ಡಾಕ್ಟರ್ ಪಾತ್ರಕ್ಕೆ ಆಸ್ಕರ್ ಬಂದದ್ದು ಪೋಷಕ ನಟ ಅಂತಲೇ, ಸರಿ. ಆದರೆ 1953ರಲ್ಲಿ ಬ್ರಾಡ್‌ವೇಯ ‘ಹೇಜಲ್ ಫ್ಲ್ಯಾಗ್’ ಸಂಗೀತ ನಾಟಕಕ್ಕೆ ಬಂದ ಟೋನಿ, ಅದೇ ವರ್ಷ ಟಿವಿ ಕೆಲಸಕ್ಕೆ ಬಂದ ಎಮ್ಮಿ, ಎರಡೂ ಅತ್ಯುತ್ತಮ ನಟ ಪ್ರಶಸ್ತಿಗಳು. ಅಲ್ಲಿ ‘ಪೋಷಕ’ ಎಲ್ಲಿ ಬಂತು? ಕ್ಯಾರೆಕ್ಟರ್ ಆ್ಯಕ್ಟರ್ ಅನ್ನೋದು ಮಾತ್ರ ಮೂರಕ್ಕೂ ಒಪ್ಪುತ್ತದೆ.

ಆ ಡಾಕ್ಟರ್ ಪಾತ್ರವನ್ನೇ ನೋಡಿ. ಹೆರಿಗೆ ಮಾಡಿಸಬೇಕು, ಅಮಲು ಇಳಿದಿಲ್ಲ, ಲೋಟದ ಮೇಲೆ ಲೋಟ ಕಪ್ಪು ಕಾಫಿ ಕುಡಿದು ಕುಡಿದು ಮನುಷ್ಯ ನೆಟ್ಟಗಾಗುತ್ತಾನೆ. ಅದೇ ವರ್ಷ ‘ಗಾನ್ ವಿತ್ ದ ವಿಂಡ್’ನಲ್ಲಿ ಹೆಂಡತಿ ಸತ್ತ ಮೇಲೆ ಬುದ್ಧಿ ಕಳೆದುಕೊಂಡ ಜಮೀನ್ದಾರ. 1946ರಲ್ಲಿ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ ಅಂಕಲ್ ಬಿಲ್ಲಿ, ಮರೆಯಬಾರದು ಅಂತ ಬೆರಳಿಗೆ ದಾರ ಕಟ್ಟಿಕೊಂಡರೂ 8,000 ಡಾಲರ್ ಕಳೆದು ಬರುವವನು. ಮೂವರೂ ಬೇರೆ ಬೇರೆ ಜನ ಅನಿಸುತ್ತಾರೆ, ಅಲ್ವಾ? ನನಗೆ ಬೇಕಾದ ಪದದಲ್ಲಿ ಇದು ಕಾಣಬೇಕು.

ಹಿಂದಿಯವರ ‘ಚರಿತ್ರ ಅಭಿನೇತಾ’ ಇಲ್ಲಿ ನಡೆಯಲ್ಲ, ನಮಗೆ ಚರಿತ್ರೆ ಅಂದರೆ ಇತಿಹಾಸ. ‘ಚಾರಿತ್ರ್ಯ’ ಅಂದರಂತೂ ನಡತೆಯ ಸರ್ಟಿಫಿಕೇಟ್ ನೆನಪಾಗುತ್ತದೆ. ತಮಿಳಿನ ‘ಗುಣಚಿತ್ರ ನಟ’ ಚೆಂದ ಇದೆ, ಆದರೆ ನಮ್ಮ ಓದುಗರು ಅದನ್ನು ಒಳ್ಳೆ ಗುಣದ ನಟ ಅಂತ ತಿಳಿದಾರು. ‘ಪಾತ್ರಧಾರಿ’ ಅಂದರೆ ವೇಷ ಹಾಕಿದ ಯಾರಾದರೂ ಆಗಬಹುದು.

ನನ್ನ ಮನಸ್ಸು ‘ಪಾತ್ರನಟ’ದ ಕಡೆ ಇದೆ. ಚಿಕ್ಕದು, ಮೊದಲ ಸಲ ಓದಿದಾಗಲೇ ಅರ್ಥ ಆಗುತ್ತದೆ, ‘ಪಾತ್ರನಟಿ’ ಅಂತಲೂ ಹೇಳಬಹುದು. ನಿಮ್ಮ ಕಿವಿಗೆ ಹೇಗಿದೆ? ಇಲ್ಲಾ ಗಾಂಧಿನಗರದವರು ಬಾಯ್ತುಂಬ ಹೇಳುವ ‘ಕ್ಯಾರೆಕ್ಟರ್ ಆರ್ಟಿಸ್ಟ್’ ಅನ್ನೇ ಸುಮ್ನೆ ಇಟ್ಟುಕೊಳ್ಳಲಾ?